ಅಕ್ಕನ ಎಡಗೈ ವಾರ

ದೇವರ ಮೇಲೆ ಕೇಸು ಹಾಕುವ ಕೋರ್ಟು ಎಲ್ಲಾದರೂ ಇದ್ದಿದ್ದರೆ ನನ್ನ ಅಕ್ಕ ಇಷ್ಟು ಹೊತ್ತಿಗೆ ಹಾಕಿರುತ್ತಿದ್ದಳು. ಅವಳ ದೂರು ಒಂದೇ. ಮನುಷ್ಯನಿಗೆ ಎರಡು ಕೈ ಕೊಟ್ಟ ಮೇಲೆ ಒಂದಕ್ಕೆ ಮಾತ್ರ ಬುದ್ಧಿ ಕೊಟ್ಟದ್ದು ಯಾಕೆ? ಈ ಪ್ರಶ್ನೆಯನ್ನು ಅವಳು ಮದುವೆ ಪಾರ್ಟಿಗಳಲ್ಲಿ ಕೇಳಿದ್ದಾಳೆ, ಲಿಫ್ಟಿನಲ್ಲಿ ಕೇಳಿದ್ದಾಳೆ, ಹಲ್ಲಿನ ಡಾಕ್ಟರ ಕುರ್ಚಿಯಲ್ಲಿ ಬಾಯಿ ತೆರೆದುಕೊಂಡೇ ಕೇಳಿದ್ದಾಳೆ. ಯಾರೂ ಉತ್ತರ ಕೊಟ್ಟಿಲ್ಲ. ಕೊಡುವಷ್ಟು ಹೊತ್ತು ಅವಳು ಬಿಟ್ಟದ್ದೂ ಇಲ್ಲ!

ವಾರದಲ್ಲಿ ಐದು ದಿನ ಅಕ್ಕ ಕುವೈತಿನ ಹವಲ್ಲಿಯ ಒಂದು ಕ್ಲಿನಿಕ್ಕಿನಲ್ಲಿ ರೋಗಿಗಳಿಗೆ ಚೀಟಿ ಕೊಡುವ ಮೇಜಿನ ಹಿಂದೆ ಕೂರುತ್ತಾಳೆ. ಇಲ್ಲಿ ರಜೆಯ ದಿನವಾದ ಶುಕ್ರವಾರ ಬೆಳಿಗ್ಗೆ ಮೈದಾನ್ ಹವಲ್ಲಿಯ ಒಂದು ಶಾಲೆಯ ಹಾಲ್‌ನಲ್ಲಿ ನಮ್ಮವರ ಹೆಣ್ಣುಮಕ್ಕಳಿಗೆ ಬಾಸ್ಕೆಟ್‌ಬಾಲ್ ಕಲಿಸುತ್ತಾಳೆ. ಹನ್ನೊಂದು ಹುಡುಗಿಯರು, ಹತ್ತರಿಂದ ಹದಿನಾಲ್ಕು ವಯಸ್ಸು. ಮಂಗಳೂರಿನವರು, ಉಡುಪಿಯವರು, ಇಬ್ಬರು ಹುಬ್ಬಳ್ಳಿ ಕಡೆಯವರು. ಅವಳು ಕನ್ನಡದಲ್ಲಿ ಬೈಯುತ್ತಾಳೆ, ಅವರು ಇಂಗ್ಲಿಷಿನಲ್ಲಿ ಸಾರಿ ಹೇಳುತ್ತಾರೆ. ಆಂಟಿ ಎಂದು ಕರೆದವರು ಹಾಲ್‌ಗೆ ಎರಡು ಸುತ್ತು ಓಡಬೇಕು. ಅವಳು ಅಲ್ಲಿ ಕೋಚ್. ಅವಳಿಗೆ ಮದುವೆ ಆಗಿಲ್ಲ. ಯಾಕೆ ಆಗಿಲ್ಲ ಎಂದು ಯಾರಾದರೂ ಕೇಳಿದರೆ, ಟೈಮ್ ಔಟ್ ಸಿಗಲಿಲ್ಲ ಎನ್ನುತ್ತಾಳೆ.

ನಾನು ಅವಳ ತಮ್ಮ. ಏಳನೇ ಕ್ಲಾಸಿನಲ್ಲಿ ಎರಡು ವರ್ಷ ಕೂತು, ಇನ್ನು ಕೂತರೆ ಬೆಂಚಿಗೆ ಬೇಸರ ಎಂದು ಎದ್ದು ಬಂದವನು. ನನ್ನನ್ನು ಕುವೈತಿಗೆ ಕರೆಸಿಕೊಂಡದ್ದು ಅವಳೇ. ಒಂದು ಕಂಪನಿಯ ವ್ಯಾನ್ ಓಡಿಸುತ್ತೇನೆ. ಶುಕ್ರವಾರ ಅದೇ ವ್ಯಾನಿನಲ್ಲಿ ಅವಳ ಟೀಮನ್ನು ಮನೆಮನೆಯಿಂದ ಹೆಕ್ಕಿ ತರಬೇಕು, ಜುಮಾ ನಮಾಜಿಗೆ ರಸ್ತೆ ತುಂಬುವ ಮೊದಲು ವಾಪಸ್ ಬಿಡಬೇಕು. ಇಡೀ ಊರು ಹೊದ್ದು ಮಲಗುವ ಬೆಳಿಗ್ಗೆ ನನಗೆ ಮಾತ್ರ ಹನ್ನೊಂದು ಹುಡುಗಿಯರ ಗಲಾಟೆ, ಒಬ್ಬ ಅಕ್ಕನ ಸೀಟಿ. ಎಷ್ಟು ವರ್ಷವಾಯಿತು ಎಂದು ಕೇಳಬೇಡಿ, ಲೆಕ್ಕ ಹಾಕಿದರೆ ನಿದ್ದೆ ಬರುತ್ತದೆ.

ಅವಳು ಹುಡುಗಿಯರನ್ನು ಆಯ್ಕೆ ಮಾಡುವ ರೀತಿಯನ್ನು ಹೇಳಿದರೆ ನೀವು ನಂಬಲಿಕ್ಕಿಲ್ಲ. ಸಹಕಾರಿ ಅಂಗಡಿಯಲ್ಲಿ ತರಕಾರಿ ಕಟ್ಟೆಯ ಪಕ್ಕ ಹೊಂಚುಹಾಕಿ ನಿಲ್ಲುತ್ತಾಳೆ. ತಾಯಿಯ ಜೊತೆ ಯಾವುದಾದರೂ ಹುಡುಗಿ ಬಂದರೆ ಸಾಕು, 'ಏ ಮಗಾ' ಎಂದು ಕರೆದು ಒಂದು ಕಿತ್ತಳೆ ಎಸೆಯುತ್ತಾಳೆ. ಹಿಡಿದರೆ ಆಟಗಾರ್ತಿ. ಬಿಟ್ಟರೆ ಗಿರಾಕಿ. ಒಮ್ಮೆ ಕಿತ್ತಳೆ ಒಬ್ಬ ಸೇಲ್ಸ್‌ಮ್ಯಾನ್ ಕೆನ್ನೆಗೆ ಬಡಿದು, ನಾನು ಹತ್ತು ಸಲ ಕ್ಷಮೆ ಕೇಳಿ, ಬೇಡದ ಎರಡು ಕಿಲೋ ಕಿತ್ತಳೆ ಕೊಂಡು ಬಂದೆ. ಅಕ್ಕನಿಗೆ ಅದರಲ್ಲಿ ತಪ್ಪೇನೂ ಕಾಣಲಿಲ್ಲ. ಆ ಸೇಲ್ಸ್‌ಮ್ಯಾನಿಗೆ ರಿಫ್ಲೆಕ್ಸ್ ಇಲ್ಲ ಎಂದಷ್ಟೇ ಹೇಳಿದಳು.

ಇನ್ನೊಮ್ಮೆ ಹಾಲ್ ಸಿಗದ ದಿನ ನಮ್ಮ ಏಳನೇ ಮಹಡಿಯ ಫ್ಲ್ಯಾಟಿನಲ್ಲೇ ಪ್ರಾಕ್ಟೀಸ್ ಇಟ್ಟಳು. ಕೆಳಗಿನ ಮನೆಯವರು ಸದ್ದಿಗೆ ದೂರು ಕೊಟ್ಟರೆ ಎಂದು ಚೆಂಡನ್ನೇ ತೆಗೆದಿಟ್ಟು, ಚೆಂಡಿಲ್ಲದೆ ಡ್ರಿಬಲ್ ಮಾಡಿಸಿದಳು. ಆದರೂ ದೂರು ಹೋಯಿತು. ಕಟ್ಟಡದ ಕಾವಲುಗಾರ, ಈಜಿಪ್ಟಿನ ಮುದುಕ, ಚೆಂಡು ಹುಡುಕಲು ಮೇಲೆ ಬಂದ. ಬಾಗಿಲು ತೆರೆದರೆ ಎಂಟು ಹುಡುಗಿಯರು ಕಣ್ಣು ಮುಚ್ಚಿಕೊಂಡು, ಮೊಣಕಾಲು ಬಗ್ಗಿಸಿ, ಗಾಳಿಯನ್ನು ತಟ್ಟುತ್ತಿದ್ದಾರೆ. ನಮ್ಮ ಯಾವುದೋ ಪೂಜೆ ಇರಬೇಕು ಎಂದುಕೊಂಡ ಪಾಪ, ಚಪ್ಪಲಿ ಕಳಚಿ ಹೊರಗೇ ಕೈಕಟ್ಟಿ ನಿಂತ. ಮುಗಿಯುವ ತನಕ ನಿಂತ!

ಇಷ್ಟಕ್ಕೇ ನಿಲ್ಲಿಸಿದರೆ ಚೆನ್ನಾಗಿತ್ತು. ಆದರೆ ಇದನ್ನು ಬರೆಯಲು ಕೂತದ್ದು ನಗಿಸಲಿಕ್ಕೆ ಮಾತ್ರ ಅಲ್ಲ. ನನ್ನದೊಂದು ತಪ್ಪು ಹೇಳಿಕೊಳ್ಳಲಿಕ್ಕಿದೆ. ಅದು ಧನ್ಯಳ ವಿಷಯ.

ಧನ್ಯ ರಿಗ್ಗೈ ಎಂಬ ಬಡಾವಣೆಯ ಹುಡುಗಿ, ಹದಿಮೂರು ವರ್ಷ. ನನ್ನ ಕಂಪನಿಯ ಸೂಪರ್‌ವೈಸರ್ ಮಗಳು. ಶುಕ್ರವಾರ ವ್ಯಾನ್ ಉಪಯೋಗಿಸಲು ಒಪ್ಪಿಗೆ ಕೊಟ್ಟದ್ದು ಆ ಸೂಪರ್‌ವೈಸರೇ. ಅವಳು ಅಪ್ಪನಿಗಿಂತ ಎತ್ತರ ಬೆಳೆದುಬಿಟ್ಟಿದ್ದಳು. ಆ ನಾಚಿಕೆಗೆ ಭುಜ ಬಗ್ಗಿಸಿ, ಕುತ್ತಿಗೆ ಒಳಗೆಳೆದು, ಬಾಗಿಲಲ್ಲಿ ಯಾವಾಗಲೂ ಕ್ಷಮೆ ಕೇಳುವವಳ ಹಾಗೆ ನಿಲ್ಲುತ್ತಿದ್ದಳು. ಅವಳ ಬೆನ್ನು ನೆಟ್ಟಗೆ ಮಾಡಲು ಅಕ್ಕನಿಗೆ ಎರಡು ವರ್ಷ ಹಿಡಿಯಿತು. ನೆಟ್ಟಗಾದ ಮೇಲೆ ಅವಳನ್ನು ತಡೆಯುವವರಿರಲಿಲ್ಲ. ಬಲಗೈಯಲ್ಲಿ ಚೆಂಡು ಹಿಡಿದು ಬಲಗಡೆಯಿಂದ ನುಗ್ಗಿದರೆ ಬಾಸ್ಕೆಟ್ಟೇ. ಆದರೆ ಬೇರೆ ಟೀಮಿನವರು ದಡ್ಡರೇ? ಮೂರನೇ ಮ್ಯಾಚಿನಲ್ಲಿ ಬಲಗಡೆಯನ್ನು ಇಬ್ಬರು ಸೇರಿ ಮುಚ್ಚಿದರು. ಧನ್ಯ ನಡುವೆ ಚೆಂಡು ಹಿಡಿದುಕೊಂಡು ಬಸ್ಸು ತಪ್ಪಿದವಳ ಹಾಗೆ ನಿಂತುಬಿಟ್ಟಳು. ಎಡಗೈ ಇದೆ ಎನ್ನುವುದೇ ಅವಳಿಗೆ ನೆನಪಿಲ್ಲ.

ಆ ರಾತ್ರಿ ಅಕ್ಕ ಊಟ ಬಿಟ್ಟು ಒಂದು ಕಾನೂನು ಮಾಡಿದಳು. ಏಳು ದಿನ ಬಲಗೈಗೆ ರಜೆ. ಎಲ್ಲರ ಬಲ ಮಣಿಕಟ್ಟಿಗೂ ಒಂದೊಂದು ಕೆಂಪು ಪಟ್ಟಿ ಕಟ್ಟಿದಳು. ಹಲ್ಲುಜ್ಜುವುದು, ತಲೆ ಬಾಚುವುದು, ಬಾಗಿಲು ತೆರೆಯುವುದು, ಕೊಡುವುದು, ತೆಗೆದುಕೊಳ್ಳುವುದು ಎಲ್ಲ ಎಡಗೈಯಲ್ಲಿ. ತಾಯಂದಿರ ವಾಟ್ಸ್ಯಾಪ್ ಗ್ರೂಪಿನಲ್ಲಿ ಬೆಂಕಿ ಬಿತ್ತು. ಕೊನೆಗೆ ಊಟ ಮಾಡುವುದಕ್ಕೆ ಮಾತ್ರ ಬಲಗೈ ಇರಲಿ ಎಂದು ಒಪ್ಪಿದಳು.

ಮಕ್ಕಳಿಗೆ ಹೇಳಿದ್ದನ್ನು ತಾನೂ ಮಾಡಬೇಕು ಎನ್ನುವುದು ಅಕ್ಕನ ಇನ್ನೊಂದು ಹುಚ್ಚು. ಕ್ಲಿನಿಕ್ಕಿನಲ್ಲಿ ಒಬ್ಬ ಹಿರಿಯ ಅರಬರಿಗೆ ಎಡಗೈಯಲ್ಲಿ ಚೀಟಿ ಕೊಟ್ಟಳು. ಎಡಗೈಯ ವಿಷಯದಲ್ಲಿ ಅವರೂ ನಾವೂ ಒಂದೇ ಅಲ್ಲವೇ? ಅವರು ಚೀಟಿಯನ್ನು ನೋಡಿದರು, ಕೈಯನ್ನು ನೋಡಿದರು, ಮುಟ್ಟಲಿಲ್ಲ. ಬಲಗೈಗೆ ಏನಾಯಿತು ಎಂದು ಕೇಳಿದರಂತೆ. ಅಕ್ಕ ಕೆಂಪು ಪಟ್ಟಿ ತೋರಿಸಿದಳು. ಅವರು ಅದನ್ನು ಗಾಯದ ಪಟ್ಟಿ ಎಂದು ತಿಳಿದು, ಮರುಕಪಟ್ಟು, ಬೇಗ ವಾಸಿಯಾಗಲಿ ಎಂದು ಹರಸಿ ಚೀಟಿ ತೆಗೆದುಕೊಂಡು ಹೋದರು.

ಎಲ್ಲ ಯೋಚಿಸಿದ ಅಕ್ಕ ಒಂದನ್ನು ಹೇಳಲು ಮರೆತಳು. ದೇವರ ಮುಂದೆ ಈ ಕಾನೂನಿಗೆ ವಿನಾಯಿತಿ ಉಂಟು ಎಂದು ಹೇಳಲಿಲ್ಲ.

ಅದೇ ವಾರ ಧನ್ಯಳ ಮನೆಯಲ್ಲಿ ಸತ್ಯನಾರಾಯಣ ಪೂಜೆ. ಅಕ್ಕನಿಗೆ ಡ್ಯೂಟಿ ಇತ್ತು, ನಾನೊಬ್ಬನೇ ಹೋದೆ. ಪೂಜೆ ಮುಗಿದ ಮೇಲೆ ಪ್ರಸಾದ ಹಂಚಲು ಮಗಳಿಗೆ ಹೇಳಿದರು. ಅವಳು ಬೆನ್ನು ನೆಟ್ಟಗೆ ಮಾಡಿ, ಕೆಂಪು ಪಟ್ಟಿಯ ಬಲಗೈಯಲ್ಲಿ ತಟ್ಟೆ ಹಿಡಿದು, ಎಡಗೈಯಲ್ಲಿ ಪ್ರಸಾದ ತೆಗೆದು, ಸಾಲಿನ ಮೊದಲಿಗೆ ಕೂತಿದ್ದ ಹಿರಿಯರೊಬ್ಬರ ಮುಂದೆ ಚಾಚಿದಳು. ಅವರು ಚಾಚಿದ್ದ ಕೈಯನ್ನು ಹಿಂದಕ್ಕೆ ಎಳೆದುಕೊಂಡರು. ಅಪ್ಪ ಎದ್ದು ಬಂದು ಅವಳ ಕೈಯಿಂದ ತಟ್ಟೆ ತೆಗೆದುಕೊಂಡರು.

"ಬಟ್ ಕೋಚ್ ಟೋಲ್ಡ್, ಪಪ್ಪಾ," ಎಂದಳು ಧನ್ಯ.

ಅವಳ ಅಪ್ಪ ನನ್ನನ್ನು ಲಿಫ್ಟಿನ ಹತ್ತಿರ ಕರೆದುಕೊಂಡು ಹೋದರು. ಮುಖ ಕೆಂಪಾಗಿತ್ತು, ಸ್ವರ ಮಾತ್ರ ತಣ್ಣಗೆ. "ಹೌದಾ ಮಾರಾಯ, ದೇವರ ಪ್ರಸಾದ ಎಡಗೈಯಲ್ಲಿ ಕೊಡ್ಲಿಕ್ಕೆ ನಿನ್ನ ಅಕ್ಕ ಹೇಳಿದ್ದಾ?"

ಆ ತಿಂಗಳು ನನ್ನ ಇಕಾಮಾ, ಎಂದರೆ ಇಲ್ಲಿ ಇರಲು ಬೇಕಾದ ಪರವಾನಗಿ, ರಿನ್ಯೂ ಆಗಬೇಕಿತ್ತು. ಫೈಲು ಇದ್ದದ್ದು ಇವರ ಮೇಜಿನ ಮೇಲೆ. ನಾನು ಒಂದು ಗಳಿಗೆಯೂ ಯೋಚಿಸಲಿಲ್ಲ. ಯೋಚಿಸಿದ್ದರೆ ಹೇಳುತ್ತಿರಲಿಲ್ಲ ಎಂದು ಎಷ್ಟೋ ದಿನ ನನಗೆ ನಾನೇ ಸಮಾಧಾನ ಹೇಳಿಕೊಂಡಿದ್ದೇನೆ.

"ಇಲ್ಲ ಸಾರ್. ದೇವರ ಕೆಲಸಕ್ಕೆ ಬಲಗೈಯೇ ಅಂತ ಅಕ್ಕ ಹೇಳಿದ್ದಾಳೆ. ಈಗಿನ ಮಕ್ಕಳು, ಗೊತ್ತುಂಟಲ್ಲ."

ಅಷ್ಟೇ. ಅಕ್ಕನನ್ನೂ ಉಳಿಸಿದೆ, ನನ್ನನ್ನೂ ಉಳಿಸಿಕೊಂಡೆ ಎಂದು ಲಿಫ್ಟಿನಲ್ಲಿ ಇಳಿಯುವಾಗ ನನ್ನ ಬುದ್ಧಿಯನ್ನು ನಾನೇ ಮೆಚ್ಚಿದೆ. ಉಳಿಯದವಳು ಒಬ್ಬಳು ಮೇಲೆ ಇದ್ದಳು. ಉದ್ಧಟತನ ಮಾಡಿದ್ದು ಸಾಲದು ಎಂದು ಕೋಚ್ ಮೇಲೆ ಸುಳ್ಳು ಬೇರೆ ಹೇಳಿದಳು ಎಂದು ಅಪ್ಪ ಅವಳ ಆಟ ನಿಲ್ಲಿಸಿದರು. ಖಲಾಸ್.

ಧನ್ಯಳ ತಾಯಿ ಅಕ್ಕನಿಗೆ ಕಳಿಸಿದ ಮೆಸೇಜಿನಲ್ಲಿ ಓದು ಜಾಸ್ತಿ ಉಂಟು ಎಂದಷ್ಟೇ ಇತ್ತು. ಪೂಜೆಯ ಗಲಾಟೆ ಅಕ್ಕನ ಕಿವಿಗೆ ಬೀಳಲಿಲ್ಲ. ಮನೆಯ ಮರ್ಯಾದೆ ಎಂದು ಅವರು ಹೇಳಲಿಲ್ಲ, ನಾನು ಯಾಕೆ ಹೇಳಲಿಲ್ಲ ಎಂದು ನಿಮಗೆ ಗೊತ್ತೇ ಇದೆ. ಮೊದಲ ಶುಕ್ರವಾರ ಅಕ್ಕ ರಿಗ್ಗೈಯಲ್ಲಿ ವ್ಯಾನ್ ನಿಲ್ಲಿಸಲು ಹೇಳಿ ಕಾದಳು. ಎರಡನೆಯ ಶುಕ್ರವಾರವೂ ಕಾದಳು. ಮೂರನೆಯ ಶುಕ್ರವಾರ, ಸೀದಾ ಹೋಗುವ ಎಂದಳು.

ಆಮೇಲೆ ಅವಳು ಸರಿಯಾಗತೊಡಗಿದಳು. ಅದನ್ನು ನೋಡುವುದು ನನಗೆ ಹುಚ್ಚಿಗಿಂತ ಕಷ್ಟವಾಯಿತು. ಅಂಗಡಿಯಲ್ಲಿ ಕಿತ್ತಳೆಯನ್ನು ತೂಕಕ್ಕೆ ಹಾಕಿ ಸುಮ್ಮನೆ ಬಂದಳು. ವಾರ ಮುಗಿದರೂ ಹುಡುಗಿಯರು ಕಳಚದೆ ಇಟ್ಟುಕೊಂಡಿದ್ದ ಪಟ್ಟಿಗಳನ್ನೆಲ್ಲ ಬಿಚ್ಚಿಸಿ, ನಿಮಗೆ ಯಾವ ಕೈ ಸುಲಭವೋ ಅದರಲ್ಲೇ ಆಡಿ ಎಂದಳು. ಆಂಟಿ ಎಂದು ಕರೆದವರಿಗೆ ಓ ಎಂದಳು. ನನಗೆ ಬಲಗೈಯಲ್ಲಿ ಚಹಾ ಕೊಟ್ಟಳು. ಒಂದು ಮ್ಯಾಚ್ ಸೋತರು, ಇನ್ನೊಂದು ಸೋತರು, ಅವಳು ಯಾರಿಗೂ ಬೈಯಲಿಲ್ಲ. ಒಂದು ಸಂಜೆ ಅನ್ನಕ್ಕೆ ಸಾಂಬಾರು ಕಲಸುತ್ತಾ, ಆ ಮಗುವಿಗೆ ನಾನು ತುಂಬಾ ಕಷ್ಟ ಕೊಟ್ಟೆ ಅಂತ ಕಾಣ್ತದೆ, ಅದಕ್ಕೇ ಓಡಿಹೋದಳು ಎಂದಳು. ತಟ್ಟೆಯನ್ನು ನೋಡಿಕೊಂಡೇ ಹೇಳಿದಳು. ನಾನೂ ನನ್ನ ತಟ್ಟೆಯನ್ನು ನೋಡಿದೆ. ನಮ್ಮ ಮನೆಯಲ್ಲಿ ತಟ್ಟೆಗಳನ್ನು ಅಷ್ಟು ಶ್ರದ್ಧೆಯಿಂದ ಯಾರೂ ನೋಡಿರಲಿಕ್ಕಿಲ್ಲ.

ಒಂದು ಗುರುವಾರ ಸಂಜೆ ಅಕ್ಕ ಹಾಲ್‌ನ ಕೀ ಕೈಯಲ್ಲಿ ಹಿಡಿದು ವ್ಯಾನ್ ಹತ್ತಿದಳು. ಶಾಲೆಗೆ ಬಿಡು, ಕೀ ವಾಪಸ್ ಕೊಡಬೇಕು ಎಂದಳು. ನಾಳೆ ಪ್ರಾಕ್ಟೀಸ್ ಇಲ್ವಾ ಎಂದು ಕೇಳಿದೆ. ಇನ್ನು ಮೇಲೆ ಇಲ್ಲ, ನನಗೆ ಮಕ್ಕಳನ್ನು ನೋಡಿಕೊಳ್ಳಲು ಬರುವುದಿಲ್ಲ ಎಂದಳು. ಶುಕ್ರವಾರದ ನಿದ್ದೆ! ಇಷ್ಟು ವರ್ಷ ನಾನು ಬೇಡಿಕೊಂಡದ್ದು ಅದನ್ನೇ. ಎರಡು ಸಿಗ್ನಲ್ ದಾಟುವ ತನಕ ತಡೆದುಕೊಂಡೆ. ಆಮೇಲೆ ಆಗಲಿಲ್ಲ, ವ್ಯಾನನ್ನು ಬದಿಗೆ ಹಾಕಿದೆ.

"ಎಂತ ಆಯ್ತು? ಟಯರಾ?"

"ಟಯರಲ್ಲ ಅಕ್ಕ. ನಾನು."

ಹೇಳಿದೆ. ಪೂಜೆ, ಪ್ರಸಾದ, ಲಿಫ್ಟು, ಇಕಾಮಾ, ಎಲ್ಲ. ಅವಳು ಮಧ್ಯೆ ಬಾಯಿ ಹಾಕದೆ ಕೇಳಿದ ಮೊದಲ ಸಂಗತಿ ಇದೇ ಇರಬೇಕು. ಕೀಯನ್ನು ಬ್ಯಾಗಿಗೆ ಹಾಕಿಕೊಂಡು, ರಿಗ್ಗೈಗೆ ಬಿಡು ಎಂದಳು.

ಧನ್ಯಳ ಅಪ್ಪ ಲುಂಗಿಯಲ್ಲೇ ಬಾಗಿಲು ತೆರೆದು ಒಳಗೆ ಕರೆದರು. ನಾನು ಕೂರಲಿಲ್ಲ. ಅಕ್ಕ ಹೇಳುತ್ತಾಳೆ ಎಂದು ಅವಳ ಮುಖ ನೋಡಿದೆ, ಅವಳು ಗೋಡೆಯ ಕ್ಯಾಲೆಂಡರ್ ನೋಡುತ್ತಿದ್ದಳು.

"ಸಾರ್, ಆ ದಿನ ನಾನು ಸುಳ್ಳು ಹೇಳಿದ್ದು. ಎಡಗೈಯಲ್ಲಿ ಕೊಡಬೇಕು ಅಂತ ಅಕ್ಕನೇ ಹೇಳಿದ್ದು. ನಿಮ್ಮ ಮಗಳು ಹೇಳಿದ್ದೇ ಸತ್ಯ."

ಯಾಕೆ ಎಂದು ಕೇಳಿದರು. ಇಕಾಮಾದ ಫೈಲು ನಿಮ್ಮ ಹತ್ತಿರ ಇತ್ತಲ್ಲ ಸಾರ್ ಎಂದೆ. ಅವರು ಹಣೆ ಚಚ್ಚಿಕೊಂಡರು. "ಅದು ಪೂಜೆಯ ಹಿಂದಿನ ದಿನವೇ ಸೈನ್ ಆಗಿತ್ತು ಮಾರಾಯ."

ಅಕ್ಕ ಆಗ ಬಾಯಿ ತೆರೆದಳು. ತಪ್ಪು ನನ್ನದೂ ಉಂಟು, ದೇವರ ಮುಂದೆ ವಿನಾಯಿತಿ ಅಂತ ಹೇಳಲು ಮರೆತೆ, ಮಗಳನ್ನು ಕಳಿಸಿ ಎಂದಳು. ಧನ್ಯ ಅಡಿಗೆಮನೆಯ ಬಾಗಿಲಲ್ಲಿ ನಿಂತು ಎಲ್ಲ ಕೇಳಿದ್ದಳು. ಭುಜ ಮತ್ತೆ ಬಗ್ಗಿತ್ತು. ನಾನು ಸಾರಿ ಮಗಾ ಎಂದೆ. ಅವಳು ನನ್ನನ್ನು ನೋಡಲಿಲ್ಲ, ಅಪ್ಪನನ್ನು ನೋಡಿದಳು. ಆಮೇಲೆ ತನ್ನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು.

"ನನ್ನದೇನೂ ಅಡ್ಡಿ ಇಲ್ಲ," ಎಂದರು ಅಪ್ಪ, ಆ ಬಾಗಿಲನ್ನೇ ನೋಡುತ್ತಾ. "ಅವಳು ಬರ್ತೇನೆ ಅಂದ್ರೆ ಬರ್ಲಿ. ಈಗ ಅವಳ ಹತ್ತಿರ ಮಾತಾಡ್ಲಿಕ್ಕೆ ನನಗೂ ಮುಖ ಇಲ್ಲ."

ಮರುದಿನ ಬೆಳಿಗ್ಗೆ ಉಳಿದ ಹತ್ತು ಹುಡುಗಿಯರನ್ನು ಹಾಲ್‌ನಲ್ಲಿ ಬಿಟ್ಟು, ಒಬ್ಬ ತಾಯಿಯನ್ನು ಕಾವಲಿಗೆ ಕೂರಿಸಿ, ನಾವಿಬ್ಬರೂ ರಿಗ್ಗೈಯ ಆ ಕಟ್ಟಡದ ಕೆಳಗೆ ಬಂದು ಕಾದೆವು. ಹತ್ತು ನಿಮಿಷ. ಇಪ್ಪತ್ತು ನಿಮಿಷ. ಹಿಂದಿನ ಸಂಜೆಯಿಂದ ಅಕ್ಕ ನನ್ನೊಡನೆ ಒಂದು ಮಾತೂ ಆಡಿರಲಿಲ್ಲ. ಬೈದುಬಿಡು ಅಕ್ಕ ಎಂದು ನಾನೇ ಕೇಳಿಕೊಂಡೆ.

ಅವಳು ಬೈಯಲಿಲ್ಲ. ಕಟ್ಟಡದ ಬಾಗಿಲಿನಿಂದ ಕಣ್ಣು ತೆಗೆಯದೆ ಹೇಳಿದಳು: "ಹೆದರಿಕೆ ಆದಾಗ ಚೆಂಡನ್ನು ಎಲ್ಲಿಗೋ ಬಿಸಾಡುವುದಲ್ಲ. ಹತ್ತಿರ ಇದ್ದವರಿಗೆ ಪಾಸ್ ಕೊಡುವುದು. ನಾನು ಹತ್ತಿರವೇ ಇದ್ದೆನಲ್ಲ, ತಮ್ಮಾ."

ಅಷ್ಟರಲ್ಲಿ ಬಾಗಿಲು ತೆರೆಯಿತು. ಧನ್ಯ ಶೂಗಳನ್ನು ಕೈಯಲ್ಲಿ ಹಿಡಿದುಕೊಂಡು, ಬರಿಗಾಲಲ್ಲಿ, ತಡವಾಯಿತು ಎನ್ನುವ ಹಾಗೆ ಓಡಿ ಬಂದಳು. ನನಗೆ ಗುಡ್ ಮಾರ್ನಿಂಗ್ ಹೇಳಲಿಲ್ಲ. ಅಕ್ಕ ಮುಂದಿನ ಸೀಟಿನಿಂದ ಇಳಿದು ಹಿಂದೆ ಹೋಗಿ ಅವಳ ಪಕ್ಕ ಕೂತಳು. ಒಂದು ಶೂಗೆ ಲೇಸು ಅವಳು ಕಟ್ಟಿಕೊಂಡಳು, ಇನ್ನೊಂದಕ್ಕೆ ಅಕ್ಕ ಕಟ್ಟಿದಳು.

ಆ ದಿನ ಮೊದಲ ಸಿಗ್ನಲ್ ಹಸಿರಾದದ್ದು ನನಗೆ ಸರಿಯಾಗಿ ಕಾಣಲಿಲ್ಲ. ಹಿಂದಿನಿಂದ ಇಡೀ ಕುವೈತ್ ಹಾರ್ನ್ ಹೊಡೆಯಿತು.