ಮೂರು ಅಂಚಿನ ಮನೆ

ಹೋದ ವರ್ಷವಲ್ಲ, ಅದರ ಹಿಂದಿನ ವರ್ಷ, ಆಷಾಢದ ಕೊನೆಯ ಶುಕ್ರವಾರ ಸಂಜೆ, ಬೀದಿ ದೀಪ ಹತ್ತುವ ಸ್ವಲ್ಪ ಮುಂಚೆ, ನಾನು ಚಾಮರಾಜಪೇಟೆಯಲ್ಲಿ ನನ್ನ ಸೋದರಮಾವಂದಿರ ಮನೆಯ ಎದುರಿನ ಫುಟ್‌ಪಾತಿನ ಮೇಲೆ, ಇಸ್ತ್ರಿ ಗಾಡಿಗೂ ಹೊಂಗೆ ಮರಕ್ಕೂ ನಡುವೆ ನಿಂತಿದ್ದೆ. ನನ್ನ ಕೈಯಲ್ಲಿ ಏನೂ ಇರಲಿಲ್ಲ. ಇದನ್ನು ಒತ್ತಿ ಹೇಳುತ್ತಿದ್ದೇನೆ, ಯಾಕೆಂದರೆ ಆ ಸಂಜೆ ನಡೆದದ್ದರಲ್ಲಿ ನನ್ನ ಕೈವಾಡವಿತ್ತು ಎಂದು ನಂಬಿರುವ ನೆಂಟರು ಇನ್ನೂ ಇದ್ದಾರೆ. ನಾನು ನೋಡಿದೆ, ಅಷ್ಟೆ.

ಇನ್ನೊಂದು ಮಾತನ್ನೂ ಮೊದಲೇ ಹೇಳಿಬಿಡುತ್ತೇನೆ: ನಮ್ಮ ಚಿಕ್ಕ ಮಾವ ಹುಚ್ಚರಾಗಿರಲಿಲ್ಲ. ಮುಂದೆ ಇದನ್ನು ಹೇಳಲು ಸರಿಯಾದ ಜಾಗ ಸಿಗಲಿಕ್ಕಿಲ್ಲ.

ತಾತ ಕಟ್ಟಿಸಿದ ಆ ಮನೆಯನ್ನು ಮಾವಂದಿರಿಬ್ಬರೂ ಸಮಾಧಾನವಾಗಿಯೇ ಭಾಗ ಮಾಡಿಕೊಂಡಿದ್ದರು. ಎಡಗಡೆಯದು ಚಿಕ್ಕವರಿಗೆ, ಬಲಗಡೆಯದು ದೊಡ್ಡವರಿಗೆ. ಜಗಳ ಬಂದದ್ದು ಆಮೇಲೆ, ನಡುವೆ ಗೋಡೆ ಎಬ್ಬಿಸಲು ಬಂದ ಗಾರೆಯವನು ದಾರ ಹಿಡಿದುಕೊಂಡು, "ಗೋಡೆ ದಪ್ಪ ಯಾರ ಕಡೆ ಬರ್ಲಿ ಸಾಮಿ?" ಎಂದು ಕೇಳಿದಾಗ. ಇಬ್ಬರೂ ಒಟ್ಟಿಗೇ "ಅವನ ಕಡೆ" ಎಂದರು. ಅವರು ಒಟ್ಟಿಗೆ ಆಡಿದ ಕೊನೆಯ ಮಾತು ಅದೇ.

ಗೋಡೆ ಬಂದದ್ದು ಹಜಾರದ ಮಧ್ಯೆ, ತೂಗುಮಣೆ ಇದ್ದ ಜಾಗದಲ್ಲಿ. ಸೂರಿನ ನಾಲ್ಕು ಕೊಂಡಿಗಳಲ್ಲಿ ಎರಡು ಈ ಕಡೆ ಉಳಿದವು, ಎರಡು ಆ ಕಡೆ. ತೂಗುಮಣೆ ಅಟ್ಟ ಸೇರಿತು. ಚಿಕ್ಕ ಮಾವ ತಮ್ಮ ಪಾಲಿನ ಕೊಂಡಿಗಳಿಗೆ ಬಾಳೆಗೊನೆ ಕಟ್ಟುತ್ತಿದ್ದರು. ದೊಡ್ಡ ಮಾವ ಏನೂ ಕಟ್ಟಲಿಲ್ಲ. ಆದರೆ ಕೊಂಡಿಗಳನ್ನು ತೆಗೆಸಲೂ ಇಲ್ಲ.

ಹೀಗಿರುವಾಗ ದೊಡ್ಡ ಮಾವ ತಮ್ಮ ಅರ್ಧವನ್ನು ಬಿಲ್ಡರ್ ಒಬ್ಬರಿಗೆ ಮಾರುತ್ತಾರೆ, ಅದನ್ನು ಕೆಡವಿ ಅಪಾರ್ಟ್‌ಮೆಂಟ್ ಎಬ್ಬಿಸುತ್ತಾರೆ ಎಂಬ ಸುದ್ದಿ ಬೀದಿಯಲ್ಲೆಲ್ಲ ಹಬ್ಬಿತು. ಚಿಕ್ಕ ಮಾವ ಅದನ್ನು ಕೇಳಿದ ರಾತ್ರಿ ಊಟ ಮಾಡಲಿಲ್ಲ. ಬೆಳಗ್ಗೆ ಎದ್ದು, ಕಾಫಿ ಕುಡಿದು, ಮನೆಯ ಮುಂಭಾಗಕ್ಕೆ ನಿಯಾನ್ ಲೈಟಿನ ಅಂಚು ಹಾಕಿಸಬೇಕು ಎಂದರು. ಈ ಎರಡಕ್ಕೂ ಸಂಬಂಧವಿದೆ ಎಂದು ನಮಗೆ ಯಾರಿಗೂ ಹೊಳೆಯಲಿಲ್ಲ. ಹೊಳೆಯುವುದಾದರೂ ಹೇಗೆ!

"ಅಂಚಿಲ್ದೆ ಇರೋ ಸೀರೆ ಉಡ್ತೀಯಾ ನೀನು?" ಎಂದು ಅತ್ತೆಯನ್ನು ಕೇಳಿದರು.

"ಇಲ್ಲಪ್ಪ."

"ಅಂಚಿಲ್ದೆ ಇರೋ ಪಂಚೆ ಉಡ್ತೀನಾ ನಾನು?"

"ಇಲ್ಲ."

"ಮತ್ತೆ ಮನೆ ಏನ್ ಪಾಪ ಮಾಡಿದೆ?"

"ಹಾಗಾದ್ರೆ ಸೆರಗೂ ಒಂದು ಹಾಕಿಸಿಬಿಡಿ," ಎಂದು ಅತ್ತೆ ಒಗ್ಗರಣೆಗೆ ಸಾಸಿವೆ ಹಾಕಿದರು. ಅದು ಸಿಡಿದು ಮುಗಿದ ಮೇಲೆ, "ಆಷಾಢದಲ್ಲಿ ಯಾರಾದ್ರೂ ಮನೆಗೆ ಹೊಸದು ಮಾಡಿಸ್ತಾರೇನ್ರೀ?" ಎಂದರು.

"ಯಾರೂ ಮಾಡಿಸಲ್ಲ. ಅದಕ್ಕೇ ಮುನಿರಾಜು ಸಿಗ್ತಾನೆ."

ಮುನಿರಾಜು ಎಂದರೆ ಆ ಬೀದಿಗೆಲ್ಲ ಎಲೆಕ್ಟ್ರಿಷಿಯನ್. ಅವನನ್ನೂ ನನ್ನನ್ನೂ ಕರೆದುಕೊಂಡು ಮಾವ ಎಸ್.ಪಿ. ರೋಡಿಗೆ ಹೊರಟರು. ಅಂಗಡಿಯವನು ಬಣ್ಣ ಬಣ್ಣದ ಪಟ್ಟಿಗಳನ್ನು ಉರಿಸಿ ತೋರಿಸಿದ. ಕೆಂಪು ನೋಡಿ ಮಾವ "ಬಾರ್" ಎಂದರು. ಹಸಿರು ನೋಡಿ "ಮೆಡಿಕಲ್ ಸ್ಟೋರು" ಎಂದರು. ನೀಲಿ ನೋಡಿ "ಹಲ್ಲಿನ ಡಾಕ್ಟ್ರು" ಎಂದರು. ನೇರಳೆ ಬಂದಾಗ ನನ್ನ ಮುಖ ನೋಡಿದರು. ಕೊನೆಗೆ ಆರಿಸಿದ್ದು ಅರಿಶಿನದ ಬಣ್ಣ. ದೊಡ್ಡ ಸುರುಳಿಯೊಂದನ್ನು ಆಟೋದಲ್ಲಿ ಮಗುವಿನ ಹಾಗೆ ತೊಡೆಯ ಮೇಲಿಟ್ಟುಕೊಂಡು ಬಂದರು.

ಮಾರನೆಯ ದಿನ ಮುನಿರಾಜು ಏಣಿ ಹಾಕಿ, ಗೋಡೆಗೆ ಕ್ಲಿಪ್ಪು ಹೊಡೆದು, ಪಟ್ಟಿಯನ್ನು ಜಗಲಿಯ ಅಡಿಯಿಂದ ಶುರುಮಾಡಿದ. ಎಡ ಮೂಲೆಗೆ ಹೋಗಿ, ಮೇಲಕ್ಕೆ ಹತ್ತಿಸಿ, ತಾರಸಿಯ ಕೈಪಿಡಿ ಗೋಡೆಯ ಉದ್ದಕ್ಕೂ ಬಲಕ್ಕೆ ತಂದ. ಮನೆಯ ನಡುವಿಗೆ ಬಂದು ನಿಂತ.

"ಇಲ್ಲಿಂದ ಕೆಳಗಿಳಿಸಿಬಿಡ್ಲಾ ಸಾರ್? ಚೌಕ ಪೂರ್ತಿ ಆಗತ್ತೆ."

"ಬೇಡ."

"ಮೂರೇ ಕಡೆ ಆಯ್ತಲ್ಲ ಸಾರ್. ನಿಮ್ದು ಇಲ್ಲಿಗೆ ಮುಗೀತು."

"ಸೀರೆ ಮಧ್ಯದಲ್ಲಿ ಯಾರಾದ್ರೂ ಅಂಚು ಹಾಕ್ತಾರೇನಯ್ಯಾ?"

ಮುನಿರಾಜು ಏಣಿಯ ಮೇಲಿಂದ ನನ್ನ ಕಡೆ ನೋಡಿದ. ನಾನು ಹೊಂಗೆ ಮರ ನೋಡಿದೆ.

"ಉಳಿದಿದ್ದನ್ನ ಕಟ್ ಮಾಡ್ಲಾ?"

"ಮುಟ್ಟಬೇಡ. ಅಲ್ಲೇ ಸುತ್ತಿ ನೇತುಹಾಕು."

ಹಾಗೆ ಉಳಿದ ಪಟ್ಟಿ ತಾರಸಿಯ ನಡುಗೋಡೆಯ ಮೊಳೆಗೆ ಸುರುಳಿಯಾಗಿ ತೂಗಿತು. ಸಂಜೆ ಚಿಕ್ಕ ಮಾವ ಹಜಾರದ ಸ್ವಿಚ್ಚು ಹಾಕಿದಾಗ ಮನೆಯ ಎಡ ಅರ್ಧಕ್ಕೆ ಮೂರು ಅಂಚು ಮೂಡಿತು, ತುದಿಯಲ್ಲಿ ರಥದ ಚಕ್ರದಷ್ಟು ದೊಡ್ಡ ಜಿಲೇಬಿಯೊಂದು ಹೊತ್ತಿಕೊಂಡಿತು.

ಮೊದಲ ವಾರವೇ ಸ್ಕೂಟರಿನಲ್ಲಿ ಬಂದ ದಂಪತಿ ಜಗಲಿ ಹತ್ತಿ ಕೂತು, "ಎರಡು ಮಸಾಲೆ" ಎಂದರು. ಮಾವ ಗಂಭೀರವಾಗಿ ಒಳಗೆ ಹೋಗಿ ವಿಚಾರಿಸಿಕೊಂಡು ಬಂದು, "ಮಸಾಲೆ ಇಲ್ಲ. ಉಪ್ಪಿಟ್ಟಿದೆ," ಎಂದರು. ಅವರು ತಿಂದರು. ಚೆನ್ನಾಗಿದೆ ಎಂದು ಮುಂದಿನ ಶನಿವಾರ ತಮ್ಮ ಅತ್ತಿಗೆಯನ್ನೂ ಕರೆತಂದರು!

ದೊಡ್ಡ ಮಾವ ಒಂದು ವಾರ ತಡೆದುಕೊಂಡರು. ಆಮೇಲೆ ನನಗೆ ಕರೆ ಬಂತು. ನಾನು ಹೋದಾಗ ಇಬ್ಬರೂ ತಮ್ಮ ತಮ್ಮ ಜಗಲಿಯ ಮೇಲೆ ಕೂತಿದ್ದರು. ನಡುವೆ ಮೊಣಕಾಲೆತ್ತರದ ಗೋಡೆ.

"ನಿನ್ನ ಚಿಕ್ಕ ಮಾವಂಗೆ ಹೇಳು, ಆ ಜಿಲೇಬಿ ಬೆಳಕು ನನ್ನ ಮಲಗೋ ರೂಮಿಗೆ ಬೀಳ್ತಿದೆ ಅಂತ."

ಚಿಕ್ಕ ಮಾವ ಕೈಚಾಚಿದರೆ ಅಣ್ಣನ ಹೆಗಲು ಸಿಗುವಷ್ಟು ಹತ್ತಿರದಲ್ಲಿದ್ದರು. ಆದರೂ ನಾನು ತಿರುಗಿ ಹೇಳಿದೆ. ಪದ್ಧತಿ ಪದ್ಧತಿಯೇ.

"ಕಿಟಕಿಗೆ ಪರದೆ ಹಾಕ್ಕೊಳ್ಳೋಕೆ ಹೇಳು ನಿನ್ನ ದೊಡ್ಡ ಮಾವಂಗೆ."

"ಉಳಿದಿದ್ದನ್ನ ಕತ್ತರಿಸಿ ಬಿಸಾಡೋಕೆ ಹೇಳು."

"ಕತ್ತರಿಸಲ್ಲ ಅಂತ ಹೇಳು."

"ಯಾಕಂತೆ, ಕೇಳು."

ಚಿಕ್ಕ ಮಾವ ಪಂಚೆಯ ಅಂಚು ಸವರಿದರು. "ಇಡೀ ಮನೆ ಅಳತೆಗೆ ತಂದಿರೋದು ಅಂತ ಹೇಳು."

ನಾನು ಈ ಕಡೆ ತಿರುಗುವಷ್ಟರಲ್ಲಿ ದೊಡ್ಡ ಮಾವ ಎದ್ದು ಒಳಗೆ ಹೋಗಿದ್ದರು. ಅದೊಂದು ಮಾತನ್ನು ನಾನು ದಾಟಿಸಲಿಲ್ಲ.

ಅದಾದ ಕೆಲವು ದಿನಕ್ಕೆ ಬಿಲ್ಡರ್ ಕಡೆಯ ಹುಡುಗ ಸಂಜೆ ಫೋಟೋ ತೆಗೆಯಲು ಬಂದ. ನಾನೂ ಅಲ್ಲಿದ್ದೆ. ಅವನು ರಸ್ತೆಗೆ ಹಿಂದೆ ಹಿಂದೆ ನಡೆದು, ಫೋನಿನಲ್ಲಿ ಮನೆಯನ್ನು ಹಿಡಿದು, "ಸಾರ್, ನಿಮ್ಮದು ಆ ಕತ್ತಲೆ ಇರೋ ಭಾಗ ಅಲ್ವಾ?" ಎಂದು ಕೇಳಿದ. ಪಾಪ, ಅವನಿಗೆ ಬೇರೆ ಉದ್ದೇಶವಿರಲಿಲ್ಲ. ದೊಡ್ಡ ಮಾವ ಮನೆಯನ್ನು ಬಹಳ ಹೊತ್ತು ನೋಡಿದರು. ಆಮೇಲೆ, "ಇವತ್ತು ಫೋಟೋ ಬೇಡ, ಹೋಗಪ್ಪ," ಎಂದರು.

ಆ ಕೊನೆಯ ಶುಕ್ರವಾರ ಮಧ್ಯಾಹ್ನ ಅವರ ಫೋನು ಬಂತು. "ಸಂಜೆ ಬಂದು ಎದುರು ಫುಟ್‌ಪಾತಲ್ಲಿ ನಿಂತ್ಕೋ."

"ಯಾಕೆ ಮಾವ?"

"ಸೊಟ್ಟ ಇದ್ಯಾ ನೋಡಿ ಹೇಳು."

ಆ ಹೊತ್ತಿಗೆ ಚಿಕ್ಕ ಮಾವ ಅತ್ತೆಯನ್ನು ಕರೆದುಕೊಂಡು ಬನಶಂಕರಿಗೆ ನಿಂಬೆಹಣ್ಣಿನ ದೀಪ ಹಚ್ಚಲು ಹೋಗಿದ್ದರು. ನಾನು ಬಂದು ನಿಂತಾಗ ಅವರ ಆಟೋ ಬಂತು. ಮಾವ ಕುಂಕುಮದ ಪೊಟ್ಟಣ ಹುಷಾರಾಗಿ ಹಿಡಿದು, ತಲೆ ತಗ್ಗಿಸಿಕೊಂಡೇ ಒಳಗೆ ಹೋದರು. ಹೊತ್ತಿಸದ ಪಟ್ಟಿ ಸುಣ್ಣದ ಗೋಡೆಯ ಮೇಲೆ ಕಾಣುವುದೂ ಇಲ್ಲ. ಒಳಗೆ ಸ್ವಿಚ್ಚು ಬಿತ್ತು.

ನಾನು ಕಂಡದ್ದನ್ನು ಕಂಡ ಹಾಗೆ ಹೇಳುತ್ತೇನೆ. ಜಿಲೇಬಿ ಇರಲಿಲ್ಲ. ತಾರಸಿಯ ಮೇಲಿನ ಗೆರೆ ನಡುವಿನಲ್ಲಿ ನಿಲ್ಲದೆ ದೊಡ್ಡ ಮಾವನ ಕಡೆಯ ಬಲ ಮೂಲೆಯವರೆಗೂ ಹೋಗಿತ್ತು. ಅಲ್ಲಿ ಕೆಳಗಿಳಿದು, ಅವರ ಜಗಲಿಯ ಅಡಿಯಲ್ಲಿ ಬಂದು, ಮೊದಲಿನ ತುದಿಯನ್ನು ಸೇರಿತ್ತು. ಮಧ್ಯದಲ್ಲಿ ಎಲ್ಲೂ ಗೆರೆ ಇರಲಿಲ್ಲ. ಕತ್ತಲಲ್ಲಿ ಗೋಡೆ ಕಾಣುತ್ತಿರಲಿಲ್ಲ. ತಾತ ಕಟ್ಟಿಸಿದ ಮನೆ ಒಂದೇ ಅಂಚಿನೊಳಗೆ ಇತ್ತು.

ಚಿಕ್ಕ ಮಾವ ದಿನದಂತೆ ಬೆಳಕು ನೋಡಲು ರಸ್ತೆ ದಾಟಿ ಬಂದು ನನ್ನ ಎಡಕ್ಕೆ ನಿಂತು ತಿರುಗಿದರು. ಅಷ್ಟರಲ್ಲಿ ದೊಡ್ಡ ಮಾವ ನನ್ನ ಬಲಕ್ಕೆ ಬಂದಿದ್ದರು. ಮೂವರೂ ಮನೆ ನೋಡಿದೆವು. ಆಮೇಲೆ ದೊಡ್ಡ ಮಾವ ನನ್ನ ಕಡೆ ನೋಡದೆ, "ಅವನಿಗೆ ಹೇಳು, ಮೂಲೇಲಿ ಸ್ವಲ್ಪ ಸೊಟ್ಟಗಿದೆ ಅಂತ," ಎಂದರು.

ನಾನು ಬಾಯಿ ತೆರೆದೆ.

"ನಿನ್ನ ಕಡೆ ಮೂಲೇನೇ ಕಣಣ್ಣ ಸೊಟ್ಟಗಿರೋದು," ಎಂದರು ಚಿಕ್ಕ ಮಾವ.

ನಾನು ಬಾಯಿ ಮುಚ್ಚಿಕೊಂಡು, ಇಬ್ಬರ ನಡುವಿಂದ ಒಂದು ಹೆಜ್ಜೆ ಹಿಂದೆ ಸರಿದೆ.

ಆ ಸಂಜೆ ಇದನ್ನು ನನ್ನೊಡನೆ ಕಂಡು ಇಂದಿಗೂ ಇರುವವರು ಇಷ್ಟು ಜನ: ಬಾಗಿಲಲ್ಲಿ ಪೂಜೆಯ ಬುಟ್ಟಿ ಹಿಡಿದು ನಿಂತಿದ್ದ ಅತ್ತೆ. ಇಸ್ತ್ರಿ ಗಾಡಿಯ ಸೆಲ್ವಮ್ಮ. ಏಣಿ ಮಡಿಸುತ್ತಿದ್ದ ಮುನಿರಾಜು. ಮತ್ತೆ, ತಮ್ಮ ಅರ್ಧವನ್ನು ಮಾರದೆ ಉಳಿಸಿಕೊಂಡ ದೊಡ್ಡ ಮಾವ. ಸ್ವಿಚ್ಚು ಇರುವುದು ತಮ್ಮನ ಹಜಾರದಲ್ಲಾದ್ದರಿಂದ, ಚಿಕ್ಕ ಮಾವ ಹೋದ ಮೇಲೆ ಅವರೇ ದಿನಾ ಸಂಜೆ ಆ ಕಡೆಯ ಗೇಟು ತೆಗೆದು ಒಳಗೆ ಬಂದು, ದೀಪ ಹಾಕಿ, ರಸ್ತೆ ದಾಟಿ ಬಂದು ನಿಲ್ಲುತ್ತಾರೆ. ಮೂಲೆ ಇನ್ನೂ ಸೊಟ್ಟಗೇ ಇದೆ. ಸರಿಮಾಡಲು ಬಂದ ಮುನಿರಾಜುವನ್ನು ಮುಟ್ಟಬೇಡ ಎಂದರಂತೆ.