ಕೈಗೆ ಸಿಕ್ಕಿದ ಕಿವಿ: ಬಾಲವಾಡಿ ಸುಧಾರಣಾ ಸಮಿತಿಯ ಅಧ್ಯಕ್ಷರಿಗೆ ಒಂದು ಅಭಿನಂದನೆ

ಕಾಪು ಪೇಟೆ
ಮಾರ್ಚ್ ೧೯೮೮

ಶ್ರೀ ರಘುಪತಿಯವರಿಗೆ,
ಅಧ್ಯಕ್ಷರು, ಬಾಲವಾಡಿ ಸುಧಾರಣಾ ಉಪಸಮಿತಿ, ನಮ್ಮ ಮಂಡಲ ಪಂಚಾಯತು

ಮಾನ್ಯರೇ,

ಬಸ್‌ಸ್ಟ್ಯಾಂಡಿನ ಎದುರು ಜವಳಿ ಅಂಗಡಿ ಇಟ್ಟುಕೊಂಡು, ತಮ್ಮ ತೀರ್ಥರೂಪರ ಪಂಚೆಯಿಂದ ಹಿಡಿದು ತಮ್ಮ ಮೊಮ್ಮಗನ ಚಡ್ಡಿಯವರೆಗೆ ಬಟ್ಟೆ ಅಳೆದುಕೊಟ್ಟ ಮೊಯಿದಿನಬ್ಬನು ಮಾಡುವ ಸಲಾಮು ಮತ್ತು ನಮಸ್ಕಾರಗಳು. ಎರಡನ್ನೂ ಒಟ್ಟಿಗೇ ಕಳಿಸಿದ್ದೇನೆ. ಯಾವುದು ಕೈಗೆ ಎಟುಕುತ್ತದೋ ಅದನ್ನು ಸ್ವೀಕರಿಸಬೇಕು, ಏಕೆಂದರೆ ಎಟುಕುವುದರ ಮಹತ್ವವನ್ನು ಈ ಊರಿಗೆ ತಿಳಿಸಿಕೊಟ್ಟವರೇ ತಾವು.

ಜಿಲ್ಲಾ ಪರಿಷತ್ತು, ಮಂಡಲ ಪಂಚಾಯತು ಎಂದು ಅಧಿಕಾರವೆಲ್ಲ ಮೇಲಿನಿಂದ ಇಳಿದು ನಮ್ಮ ಅಂಗಳಕ್ಕೇ ಬಂದಾಗ, ಇನ್ನು ಮಕ್ಕಳ ಕಷ್ಟಸುಖವನ್ನು ನಮ್ಮವರೇ ನೋಡಿಕೊಳ್ಳುತ್ತಾರೆ ಎಂದು ಎಲ್ಲರಿಗಿಂತ ಹೆಚ್ಚು ಸಂಭ್ರಮಪಟ್ಟವನು ನಾನು. ಬಂದ ಆದೇಶವೂ ಚೆನ್ನಾಗಿಯೇ ಇತ್ತು. ಬಾಲವಾಡಿ ಮುಗಿಸಿ ಒಂದನೇ ಕ್ಲಾಸಿಗೆ ಹೋಗುವ ಮಕ್ಕಳ ಕಣ್ಣು, ಕಿವಿ, ಕೈಕಾಲುಗಳನ್ನು ಪರೀಕ್ಷಿಸಬೇಕು, ಕೊರತೆ ಕಂಡ ಮಕ್ಕಳಿಗೆ ಮಣಿಪಾಲದಿಂದ ಗುರುವಾರಗಳಂದು ಬರುವ ಇಮೆಲ್ಡಾ ಟೀಚರು ಬೇರೆಯಾಗಿ ಪಾಠ ಹೇಳಬೇಕು ಎಂದು ಅದರಲ್ಲಿತ್ತು. ಈ ಇಮೆಲ್ಡಾ ಟೀಚರು ಕಿವಿ ಕೇಳದ ಮಕ್ಕಳಿಗೆ ತುಟಿ ನೋಡಿ ಮಾತು ತಿಳಿಯುವುದನ್ನೂ, ಗಂಟಲಿನ ಮೇಲೆ ಕೈ ಇಟ್ಟು ಸ್ವರ ಹೊರಡಿಸುವುದನ್ನೂ ಕಲಿಸಲು ತರಬೇತಾದವರು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುವ ಗಾದೆ ಆಗ ನನಗೆ ನೆನಪಾಗಬೇಕಿತ್ತು, ಸಂತೋಷದಲ್ಲಿ ಮರೆತುಬಿಟ್ಟೆ.

ಪರೀಕ್ಷೆಗೆ ಡಾಕ್ಟರು ಬೇಡವೇ ಎಂದು ಸಭೆಯಲ್ಲಿ ಯಾರೋ ಕೇಳಿದಾಗ ತಾವು ಕೊಟ್ಟ ಉತ್ತರ ಇನ್ನೂ ನನ್ನ ಕಿವಿಯಲ್ಲಿದೆ. "ಎಂತಕ್ಕೆ ಡಾಕ್ಟರು ಮಾರಾಯ? ನಾವೆಲ್ಲ ಶಾಲೆಗೆ ಸೇರಿದ್ದು ಹೇಗೆ? ಬಲಗೈಯನ್ನು ತಲೆಯ ಮೇಲಿಂದ ತಂದು ಎಡಗಿವಿ ಮುಟ್ಟಿದ್ದಲ್ವಾ? ಒಂದೇ ಸಲಕ್ಕೆ ಕೈಯೂ ನೋಡಿ ಆಯಿತು, ಕಿವಿಯೂ ನೋಡಿ ಆಯಿತು. ಮುಟ್ಟಲಿಕ್ಕೆ ಆಗದವರು ಇಮೆಲ್ಡಾ ಟೀಚರ ಹತ್ತಿರ ಹೋಗಲಿ." ಹುಟ್ಟಿದ ತಾರೀಕು ಗೊತ್ತಿಲ್ಲದ ಕಾಲದಲ್ಲಿ, ಮಗುವಿಗೆ ಆರು ತುಂಬಿತೋ ಇಲ್ಲವೋ ಎಂದು ಅಂದಾಜು ಮಾಡಲು ಮೇಷ್ಟ್ರುಗಳು ಇಟ್ಟುಕೊಂಡಿದ್ದ ಆ ಬಡ ಉಪಾಯಕ್ಕೆ ಒಂದೇ ಸಭೆಯಲ್ಲಿ ಡಾಕ್ಟರ ಹುದ್ದೆಗೆ ಬಡ್ತಿ ಕೊಟ್ಟ ತಮ್ಮ ಧಾರಾಳತನ ಬೇರೆ ಯಾರಿಗೆ ಬಂದೀತು! ಕಣ್ಣಿನ ಪರೀಕ್ಷೆಗಂತೂ ತಾವು ಒಂದು ಬಿಸ್ಕತ್ತು ಎತ್ತಿ ಹಿಡಿದಿರಿ. ಎಲ್ಲ ಮಕ್ಕಳಿಗೂ ಅದು ಕಾಣಿಸಿತು.

ಆ ಪರೀಕ್ಷೆಯ ದಿನ ಸಾಲಿನಲ್ಲಿ ನನ್ನ ಮೊಮ್ಮಗಳು ಸಫಿಯಾ ನಿಂತಿದ್ದಳು. ಅವಳಿಗೆ ಹುಟ್ಟಿದಂದಿನಿಂದ ಕಿವಿ ಕೇಳುವುದಿಲ್ಲ. ಅವಳ ಅಪ್ಪ ಇದ್ರೀಸ್ ಸೌದಿಯ ದಮ್ಮಾಮಿನಲ್ಲಿ ದುಡಿಯುವವನು. ಕಾಗದ ಬರೆಯುವ ಬದಲು ಕ್ಯಾಸೆಟ್ಟಿನಲ್ಲಿ ಮಾತಾಡಿ, ಊರಿಗೆ ಬರುವವರ ಕೈಯಲ್ಲಿ ಕಳಿಸುತ್ತಾನೆ. ನಾವು ಕೇಳುತ್ತೇವೆ. ಅವಳು ಟೇಪ್ ರೆಕಾರ್ಡರಿನ ಮೇಲೆ ಅಂಗೈ ಇಟ್ಟು, ಒಳಗೆ ಅಪ್ಪ ನಡುಗುವುದನ್ನು ಮುಟ್ಟಿ ನೋಡುತ್ತಾಳೆ, ಕ್ಯಾಸೆಟ್ಟು ನಿಂತರೆ ನನ್ನ ಮುಖ ನೋಡುತ್ತಾಳೆ. ಅವಳ ತಾಯಿ, ನನ್ನ ಮಗಳು ಆಸ್ಯಾ, ಆಗ ಅಡಿಗೆಮನೆಗೆ ಹೋಗಿಬಿಡುತ್ತಾಳೆ. ಇದನ್ನು ತಮಗೆ ಹಾಸ್ಯವಾಗಿ ಬರೆಯಲು ನೋಡಿದೆ, ಆಗಲಿಲ್ಲ, ಕ್ಷಮೆ ಇರಲಿ.

ಸಫಿಯಾಳ ಸರದಿ ಬಂತು. ತಾವು ಬಾಯಿ ತೆರೆಯುವ ಮೊದಲೇ ಅವಳು ಬಲಗೈ ಎತ್ತಿ, ತಲೆಯ ಮೇಲಿಂದ ತಂದು, ಎಡಗಿವಿಯನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಅಪ್ಪನಂತೆ ಅವಳದು ಉದ್ದ ಕೈ. "ನೋಡಿ, ನೋಡಿ, ನಾನು ಹೇಳುವ ಮೊದಲೇ ಮಾಡಿದಳು! ಇಂಥ ಚುರುಕು ಮಗು ಈ ಬಾಲವಾಡಿಯಲ್ಲೇ ಇಲ್ಲ" ಎಂದು ತಾವು ಚಪ್ಪಾಳೆ ತಟ್ಟಿದಿರಿ, ಸದಸ್ಯರೂ ತಟ್ಟಿದರು. ಸ್ವಾಮೀ, ತಾವು ಹೇಳಿದ ಮೇಲೆ ಮಾಡಬೇಕಾದರೆ ಅವಳಿಗೆ ತಾವು ಹೇಳಿದ್ದು ಕೇಳಿಸಬೇಕಿತ್ತು. ತನ್ನ ಮುಂದೆ ನಿಂತಿದ್ದ ಮಕ್ಕಳು ಮಾಡಿದ್ದನ್ನು ನೋಡಿ ಅವಳು ಮಾಡಿದಳು, ಅಷ್ಟೇ. ಬಾಲವಾಡಿಯ ವೇದಾವತಿ ಟೀಚರು, "ಸರ್, ಆ ಮಗುವಿಗೆ ಕೇಳಿಸುವುದಿಲ್ಲ" ಎಂದರು. ತಾವು, "ಕಿವಿ ಉಂಟಲ್ವಾ? ಕೈಗೆ ಸಿಕ್ಕಿತಲ್ವಾ? ಮತ್ತೆಂತ?" ಎಂದಿರಿ. ಮಣಿಪಾಲದ ಡಾಕ್ಟರು ಕೊಟ್ಟ ಚೀಟಿಯನ್ನು ನಾನು ಮುಂದೆ ಹಿಡಿದರೆ, "ಅದು ಹೊರಗಿನ ಚೀಟಿ ಸಾವ್ಕಾರ್ರೇ, ಈಗ ಅಧಿಕಾರ ನಮ್ಮ ಮಂಡಲದ್ದು" ಎಂದು ನಗುತ್ತಾ ಹಿಂದಿರುಗಿಸಿದಿರಿ. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎಂದವನನ್ನು ನಾವು ಇಷ್ಟು ವರ್ಷ ಸುಮ್ಮನೆ ಗೇಲಿ ಮಾಡಿದೆವು. ಅವನೂ ಯಾವುದೋ ಉಪಸಮಿತಿಯಲ್ಲಿ ಇದ್ದಿರಬೇಕು.

ತಮ್ಮ ನಿಷ್ಪಕ್ಷಪಾತವನ್ನು ಹೊಗಳದೆ ಮುಂದೆ ಹೋದರೆ ನನಗೆ ಒಳ್ಳೆಯದಾಗದು. ತಮ್ಮ ಸ್ವಂತ ಮೊಮ್ಮಗ ಹೃಷೀಕೇಶನಿಗೆ, ಅಜ್ಜಿಯ ಕೈಯ ತುಪ್ಪದ ಕೃಪೆಯಿಂದ, ಕೈ ದುಂಡಗೆ, ತಲೆ ದೊಡ್ಡದು. ಬೆರಳು ಕಿವಿಯ ಹತ್ತಿರ ಬಂದು ನಿಂತಿತು. ಅವನು ಪಾಪ, ತಲೆಯನ್ನೇ ಕೈಯ ಕಡೆಗೆ ಬಾಗಿಸಿ ನೋಡಿದ. ಆದರೂ ತಾವು ಕರಗದೆ ಫೇಲು ಮಾಡಿದಿರಿ. ಆಚೆ ಮನೆಯಲ್ಲಿ ಚಕ್ಕುಲಿ ಡಬ್ಬದ ಮುಚ್ಚಳ ತೆಗೆದರೆ ಈಚೆ ಮನೆಯಲ್ಲಿ ಎದ್ದು ಕೂರುವ ಆ ಹುಡುಗ ಈಗ ಗುರುವಾರಗಳಂದು ಇಮೆಲ್ಡಾ ಟೀಚರ ಎದುರು ಕೂತಿದ್ದಾನೆ. ಅವರು ತುಟಿಯನ್ನು ನಿಧಾನವಾಗಿ ಅರಳಿಸಿ 'ಅಮ್ಮ' ಎಂದರೆ ಅವನು, "ಟೀಚರ್, ನಿಮಗೆ ಹಲ್ಲುನೋವು ಉಂಟಾ?" ಎಂದು ಕೇಳುತ್ತಾನಂತೆ. ಬಸ್ಸಿಗೆ ಕಾಯುವಾಗ ಅವರು ನನ್ನ ಅಂಗಡಿಯ ಬೆಂಚಿನಲ್ಲಿ ಕೂತು, "ಸಾವ್ಕಾರ್ರೇ, ನಾನು ಅವನಿಗೆ ಎಂತ ಕಲಿಸುವುದು? ಈಗ ಅವನೇ ನನಗೆ ತುಳು ಕಲಿಸುತ್ತಿದ್ದಾನೆ" ಎಂದರು. ಹಾಗಾದರೆ ಸಫಿಯಾಳನ್ನು ಕೂರಿಸಿಕೊಳ್ಳಿ ಎಂದೆ. ಸಮಿತಿ ಆರಿಸದ ಮಗುವನ್ನು ಕೂರಿಸಿದರೆ ಕೆಲಸ ಹೋಗುತ್ತದೆ ಎಂದು ಅವರು ಕಣ್ಣು ತಗ್ಗಿಸಿದರು. ಕಲಿಯುವುದಿದ್ದರೆ ಈ ವಯಸ್ಸಿನಲ್ಲೇ ಕಲಿಯಬೇಕು, ಆಮೇಲೆ ನಾಲಿಗೆ ಬಗ್ಗುವುದು ಕಷ್ಟ ಎಂದೂ ಹೇಳಿದರು. ಜೂನಿನಲ್ಲಿ ಅವಳು ಒಂದನೇ ಕ್ಲಾಸಿನ ಹಿಂದಿನ ಸಾಲಿಗೆ ಹೋದರೆ, ಬೋರ್ಡಿನ ಕಡೆ ತಿರುಗಿ ಪಾಠ ಮಾಡುವ ಮೇಷ್ಟ್ರ ಬೆನ್ನನ್ನು ಓದಿಕೊಂಡು ಪಾಸಾಗಬೇಕು.

ಆದ್ದರಿಂದ ಈ ಕೆಳಗಿನ ಬೇಡಿಕೆಗಳನ್ನು ತಮ್ಮ ಪಾದಕ್ಕೆ ಒಪ್ಪಿಸುತ್ತೇನೆ. ಪರೀಕ್ಷೆಯಲ್ಲಿ ಪಾಸಾಗಿಯೂ ಇಂದಿನವರೆಗೆ ಕೆಲಸಕ್ಕೆ ಹಾಜರಾಗದಿರುವ ಸಫಿಯಾಳ ಎಡಗಿವಿಗೆ, ಕಾರಣ ಕೇಳಿ ಸಮಿತಿಯಿಂದ ಒಂದು ನೋಟೀಸು ಜಾರಿಮಾಡಬೇಕು. ಅದನ್ನು ಗಟ್ಟಿಯಾಗಿ ಓದಿ ಹೇಳುವ ಜವಾಬ್ದಾರಿಯನ್ನು ಸದಸ್ಯರೇ ವಹಿಸಿಕೊಳ್ಳಬೇಕು. ಅದಾಗದಿದ್ದರೆ, ಅಗತ್ಯಕ್ಕಿಂತ ಹೆಚ್ಚು ಕೇಳುವ ಹೃಷೀಕೇಶನ ಕಿವಿಗಳಲ್ಲಿ ಒಂದನ್ನು ವಾರದಲ್ಲಿ ಒಂದು ದಿನವಾದರೂ ನಮ್ಮ ಮನೆಗೆ ಡೆಪ್ಯುಟೇಶನ್ ಮೇಲೆ ಕಳಿಸಬೇಕು. ಅದೂ ಸಾಧ್ಯವಿಲ್ಲವೆಂದರೆ ನನ್ನ ಮೊಮ್ಮಗಳ ಕೈಯನ್ನು ಒಂದು ಗೇಣು ಗಿಡ್ಡ ಮಾಡಲು ಮಂಡಲದಿಂದ ಠರಾವು ಆಗಲಿ. ನಾನೂ ಅಳೆಯುವವನೇ, ಅಧ್ಯಕ್ಷರೇ. ಗಜಕಡ್ಡಿ ಬಟ್ಟೆಯ ಉದ್ದ ಹೇಳುತ್ತದೆ, ತೂತು ಉಂಟೋ ಎಂದು ತಿಳಿಯಬೇಕಾದರೆ ಬೆಳಕಿಗೆ ಹಿಡಿದು ನೋಡಬೇಕು. ಅಷ್ಟು ನೋಡದೆ ಕೊಟ್ಟಿದ್ದರೆ ತಾವೇ ನನ್ನ ಅಂಗಡಿಗೆ ಮತ್ತೆ ಕಾಲಿಡುತ್ತಿರಲಿಲ್ಲ.

ಇನ್ನೊಂದು ಮಾತು. ಅಂದು ತಾವೆಲ್ಲ ಚಪ್ಪಾಳೆ ತಟ್ಟಿದ್ದು ಸಫಿಯಾಳಿಗೆ ಕೇಳಿಸಲಿಲ್ಲ, ಆದರೆ ಕಾಣಿಸಿತು. ಕಿವಿ ಮುಟ್ಟಿದರೆ ದೊಡ್ಡವರಿಗೆ ಖುಷಿಯಾಗುತ್ತದೆ ಎಂದು ಅವಳು ತಿಳಿದುಕೊಂಡಿದ್ದಾಳೆ. ಹಾಗಾಗಿ ತಾವು ಬಸ್ಸಿಳಿದು ನಮ್ಮ ಅಂಗಡಿಯ ಎದುರು ಹಾದುಹೋಗುವಾಗಲೆಲ್ಲ ಅವಳು ಮೆಟ್ಟಿಲ ಮೇಲೆ ಓಡಿಬಂದು, ಕೈ ಎತ್ತಿ, ಆ ಕಿವಿಯನ್ನು ಹಿಡಿದು ನಿಲ್ಲುತ್ತಾಳೆ. ತಾವು ಅದನ್ನು ನಮಸ್ಕಾರವೆಂದು ಭಾವಿಸಿ ಪ್ರತಿಸಲವೂ ಕೈ ಮುಗಿದು ಮುಂದೆ ಹೋಗಿದ್ದೀರಿ. ಮಾನ್ಯರೇ, ತೊಂದರೆ ಎಲ್ಲಿದೆ ಎಂದು ಈ ಮಂಡಲದಲ್ಲಿ ಬೇರೆ ಯಾರೂ ಇಷ್ಟು ಸರಿಯಾಗಿ ಕೈಯಿಟ್ಟು ತೋರಿಸಿಲ್ಲ. ಒಂದು ಸಲವಾದರೂ ನಿಂತು ನೋಡಿ ಎಂದು ಬೇಡುತ್ತೇನೆ.

ತಮ್ಮ ಅಳತೆಗೆ ಸದಾ ಒಳಪಟ್ಟ,
ತಮ್ಮ ವಿಶ್ವಾಸಿ,
ಮೊಯಿದಿನಬ್ಬ
ಜವಳಿ ವ್ಯಾಪಾರಿ, ಸಫಿಯಾಳ ಅಜ್ಜ

ತಾ.ಕ.: ದೂರು ಇದ್ದವರ ಮಕ್ಕಳಿಗೆ ಬರುವ ಸೋಮವಾರ ಅದೇ ರೀತಿಯ ಮರುಪರೀಕ್ಷೆ ಎಂದು ತಾವು ಹೇಳಿ ಕಳಿಸಿದ್ದು ತಲುಪಿತು. ಬಹಳ ಉಪಕಾರ. ಆ ದಿನಕ್ಕೆಂದು ನನ್ನ ಅಂಗಡಿಯ ಅತ್ಯಂತ ದಪ್ಪ ಬಟ್ಟೆಯಲ್ಲಿ ಸಫಿಯಾಳಿಗೆ ಒಂದು ಹೊಸ ಫ್ರಾಕು ಹೊಲಿಸಿದ್ದೇನೆ. ಟೈಲರ್ ವಾಸು ನನ್ನ ಮಾತಿನಂತೆ ಕಂಕುಳಲ್ಲಿ ಎಷ್ಟು ಬಿಗಿ ಹಿಡಿದಿದ್ದಾನೆಂದರೆ, ತೊಟ್ಟವರ ಕೈ ಭುಜಕ್ಕಿಂತ ಮೇಲೆ ಏಳುವುದಿಲ್ಲ. ನಿನ್ನೆ ತೊಡಿಸಿ ನೋಡಿದೆವು. ಎಷ್ಟು ಒದ್ದಾಡಿದರೂ ಕಿವಿ ಸಿಗಲಿಲ್ಲ. ಆಸ್ಯಾ ಬಹಳ ದಿನಗಳ ಮೇಲೆ ನಕ್ಕಳು. ತಾವು ಇಷ್ಟೆಲ್ಲ ಓದಿದ ಮೇಲೂ ಅವಳನ್ನು ನಿಯಮದ ಪ್ರಕಾರ ಫೇಲು ಮಾಡಲೇಬೇಕಾಗುತ್ತದೆ, ಏಕೆಂದರೆ ಕೈ ಮತ್ತು ಕಿವಿಯ ಹೊರತು ಫ್ರಾಕನ್ನಾಗಲಿ ಬೇರೇನನ್ನಾಗಲಿ ನೋಡುವುದಿಲ್ಲವೆಂದು ತೀರ್ಮಾನಿಸಿದವರು ತಾವೇ. ಹೃಷೀಕೇಶನಿಗೆ ತೋಳಿಲ್ಲದ ಒಂದು ಬನಿಯನು ಇದರ ಜೊತೆಗೇ ಕಳಿಸಿದ್ದೇನೆ, ಅವನೂ ಇನ್ನೊಮ್ಮೆ ಪ್ರಯತ್ನಿಸಲಿ.