ತುಂಬದ ಟಾಕಿ

ನನ್ನ ತಮ್ಮ ಯಾರ ಮನೆಗೆ ಹೋದರೂ ಮೊದಲು ಮನುಷ್ಯರನ್ನು ಮಾತಾಡಿಸುವುದಿಲ್ಲ, ಸಂಡಾಸಿನ ಟಾಕಿಯನ್ನು ಮಾತಾಡಿಸುತ್ತಾನೆ. ನಗಬೇಡಿ! ನಾನು ಎರಡನೇ ಇಯತ್ತೆ ಓದಿದ ಮುದುಕಿ, ಕಂಡಿದ್ದನ್ನು ಕಂಡ ಹಾಗೆ ಬರೆಯುತ್ತಿದ್ದೇನೆ.

ಅವನು ಯಾದಗಿರಿಯ ಕಚೇರಿಯೊಂದರಲ್ಲಿ ಕಾರಕೂನನಾಗಿದ್ದಾಗ ಮನೆಯ ಹೊಲಸು ನೀರಿನ ಬಗ್ಗೆ ಎರಡು ದಿನದ ತರಬೇತಿ ಇತ್ತು. ಊಟ ಚೆನ್ನಾಗಿರುತ್ತದೆಂದು ಹೋದ. ಊಟ ಸಪ್ಪಗಿತ್ತಂತೆ. ಪಾಠ ಮಾತ್ರ ತಲೆಗೇರಿತು, ಇವತ್ತಿಗೂ ಇಳಿದಿಲ್ಲ. ಈಗ ನಿವೃತ್ತನಾಗಿ ಸುರಪುರದಲ್ಲಿದ್ದಾನೆ. ಕೆಲಸವಿಲ್ಲ, ಹಾಗಾಗಿ ಬಿಡುವೂ ಇಲ್ಲ.

ಒಮ್ಮೆ ಅವನ ಮಗನಿಗೆ ಹೆಣ್ಣು ನೋಡಲು ಕೊಡೇಕಲ್ಲಿಗೆ ಹೋಗಿದ್ದೆವು. ನಾವೆಲ್ಲ ಒಳಗೆ ಸುಸಲಾ ತಿನ್ನುತ್ತಿದ್ದರೆ ಇವನು ಹಿತ್ತಲಿಗೆ ಹೋಗಿ ಮಾಯ. ವಾಪಸು ಬರುವಾಗ ಕೇಳಿದೆ:

"ಹುಡುಗಿ ಹ್ಯಾಂಗದಾಳೋ?"

"ಟಾಕಿ ಗಾಳಿ ಪೈಪಿಗಿ ಜಾಳಿಗಿ ಕಟ್ಟಿಲ್ಲ ಯಕ್ಕಾ. ಸೊಳ್ಳಿ ಬರತಾವ."

ಸಂಬಂಧ ಬೇಡವೆಂದು ಅವರೇ ಹೇಳಿ ಕಳಿಸಿದರು. ಬೀಗನಾಗುವವನು ಹಿತ್ತಲಲ್ಲಿ ಮೂಗು ಚಾಚಿಕೊಂಡು ನಿಂತರೆ ಯಾರು ಹೆಣ್ಣು ಕೊಡುತ್ತಾರೆ?

ಕಳೆದ ಚಳಿಗಾಲದಲ್ಲಿ ಶಹಾಪುರದ ನಮ್ಮ ಮನೆಗೆ ಬಂದ. ಸೊಸೆ ಸಂಡಾಸಿಗೆ ಫಿನೈಲ್ ಸುರಿಯುತ್ತಿದ್ದಳು. ಓಡಿ ಹೋಗಿ ಬಾಟಲಿ ಕಸಿದುಕೊಂಡ.

"ಟಾಕ್ಯಾಗ ಹೊಲಸು ತಿನ್ನೋ ಸಣ್ಣ ಸಣ್ಣ ಹುಳಾ ಇರತಾವ ಯವ್ವಾ. ಇಷ್ಟು ಸುರದ್ರ ಎಲ್ಲಾ ಸಾಯತಾವ!"

"ಒಂದಿನ ಸೂಟಿ ಕೊಡ್ರಿ ಮಾಮಾ, ಭಾಳ ದುಡದಾವ," ಎಂದಳು ಸೊಸೆ.

ಮರುದಿನ ನನ್ನ ಪೆಟ್ಟಿಗೆಯಲ್ಲಿದ್ದ, ಮದುವೆಯೊಂದರಲ್ಲಿ ಆಯೇರಿ ಬಂದ ಹೊಸ ಬಿಳಿ ಟವೆಲ್ ತೆಗೆದು ಬಿದಿರು ಕೋಲಿಗೆ ಸುತ್ತಿದ. ಟಾಕಿಯ ಮೇಲಿನ ಫರಸಿ ಕಲ್ಲು ಸರಿಸಿ, ಒಳಗಿನ ಗ್ಯಾಸು ಹೋಗಲೆಂದು ನಮ್ಮನ್ನೆಲ್ಲ ದೂರ ನಿಲ್ಲಿಸಿ, ಕೋಲನ್ನು ಒಳಗಿಳಿಸಿದ. ಟವೆಲಿಗೆ ಎಷ್ಟೆತ್ತರ ಕಪ್ಪು ರಾಡಿ ಹತ್ತುತ್ತದೋ ತಳದಲ್ಲಿ ಅಷ್ಟು ರಾಡಿ ಕೂತಿದೆ ಎಂದರ್ಥ. ಮೂರನೇ ಒಂದು ಪಾಲಾದರೆ ಗಾಡಿ ಕರೆಸಿ ಎಳೆಸಬೇಕಂತೆ. ನಮ್ಮದಕ್ಕೆ ಹತ್ತಿದ್ದು ಒಂದು ಗೇಣು.

"ನೋಡಿದೇನೋ? ಹದಿನೆಂಟು ವರ್ಷ ಆತು, ಒಮ್ಮಿನೂ ತುಂಬಿಲ್ಲ!" ಎಂದೆ. ನಮ್ಮ ಓಣಿಯಲ್ಲಿ ಟಾಕಿ ತುಂಬದಿದ್ದರೆ ಅದೊಂದು ಮರ್ಯಾದೆ. ನಾನು ಮದುವೆ ಮನೆಗಳಲ್ಲೂ ಹೇಳಿಕೊಂಡಿದ್ದೇನೆ!

ಅವನ ಮುಖ ಇಳಿಯಿತು. "ನಾಕು ಮಂದಿ ಇರೋ ಮನ್ಯಾಗ ತುಂಬದ ಟಾಕಿ ಅಂದ್ರ ಸೋರೋ ಟಾಕಿ, ಯಕ್ಕಾ. ಹೋಗಿದ್ದೆಲ್ಲಾ ಎಲ್ಲಿ ಹೋಗಾಕತ್ತದ?"

ಹೇಳುತ್ತಲೇ ಬಾವಿಯ ಕಡೆ ನೋಡಿದ. ಟಾಕಿಯಿಂದ ಹನ್ನೆರಡು ಹೆಜ್ಜೆ. ಅಡುಗೆಗೂ ಕುಡಿಯಲಿಕ್ಕೂ ಅದೇ ನೀರು. ಸೊಸೆಯ ಒಂಬತ್ತು ತಿಂಗಳ ಕೂಸಿಗೆ ಆ ತಿಂಗಳಲ್ಲೇ ಮೂರು ಸಲ ಭೇದಿಯಾಗಿತ್ತು. ಹಲ್ಲು ಬರುತ್ತಿವೆ, ಸುಮ್ಮನಿರು ಎಂದು ಸೊಸೆಯ ಬಾಯಿ ಮುಚ್ಚಿಸಿದವಳು ನಾನೇ.

ಆವತ್ತೇ ಬಾವಿಯ ಮೋಟರಿನ ವೈರು ಕಿತ್ತು, ಫಿಲ್ಟರ್ ನೀರಿನ ಕ್ಯಾನು ತಂದಿಟ್ಟ. ಸಂಡಾಸಿಗೆ ಹಸಿರು ಬಣ್ಣ ಸುರಿದು ಹತ್ತು ಕೊಡ ನೀರು ಬಿಟ್ಟ. ಬಣ್ಣ ಬಾವಿಗೆ ಬಂದರೆ ಟಾಕಿಯ ನೀರೂ ಬರುತ್ತಿದೆ ಎಂದು ತಿಳಿಯಬೇಕು. ದಿನಾ ಮುಂಜಾನೆ ಬಾವಿಯಿಂದ ಒಂದು ಗಾಜಿನ ಲೋಟ ನೀರು ತೆಗೆದು ಬಿಸಿಲಿಗೆ ಹಿಡಿದು, ನೋಡಿದ್ದನ್ನು ವಹಿಯಲ್ಲಿ ಬರೆಯುತ್ತಿದ್ದ. ಓಣಿಯ ಹೆಂಗಸರು ಗೋಡೆಯ ಮೇಲಿಂದ ಇಣುಕಿ, "ಇನ್ನಾ ಹಸರಾಗಿಲ್ಲೇನ್ರಿ?" ಎಂದು ನಗುತ್ತಿದ್ದರು. ನನಗೆ ನಗು ಬರಲಿಲ್ಲ.  ಕೂಸು ಅತ್ತರೆ ಓಡಿ ಹೋಗಿ ಅದರ ಲಂಗೋಟಿ ಮುಟ್ಟಿ ನೋಡುತ್ತಿದ್ದೆ.

ಮೂರನೆಯ ದಿನ ತಡೆಯಲಾಗದೆ ಬಾವಿಯ ಹತ್ತಿರ ಅವನಿಗೆ ಮೆಲ್ಲಗೆ ಹೇಳಿದೆ: "ಟಾಕಿ ಕಟ್ಟಿದ ಗೌಂಡಿ ತಳಕ್ಕ ಕಾಂಕ್ರೀಟ್ ಹಾಕ್ಲೇನ್ರಿ ಅಂತ ಕೇಳಿದ್ದ. ಬ್ಯಾಡೋ, ಮಣ್ಣಾಗ ಇಂಗಲಿ, ಟಾಕಿ ತುಂಬೂದಿಲ್ಲ ಅಂದಾಕಿ ನಾನೇ."

ಬೇರೆ ಯಾರಾದರೂ ಹೀಗೆ ಹೇಳಿದ್ದರೆ ಓಣಿಗೆಲ್ಲ ಕೇಳುವಂತೆ ಬೈಯುತ್ತಿದ್ದ. ಅವತ್ತು ಲೋಟವನ್ನು ಬಿಸಿಲಿಗೆ ಹಿಡಿದು, 'ಮೂರನೇ ದಿನ, ಬಣ್ಣ ಇಲ್ಲ' ಎಂದು ವಹಿಯಲ್ಲಿ ಬರೆದ.

ಐದನೆಯ ದಿನ ನೀರು ಹಸಿರಾಗಿತ್ತು. ತಿಳಿಯಾಗಿ, ಎಳೆ ಹುಲ್ಲಿನ ಹಾಗೆ.

"ಟಾಕಿಗಿ ತಳಾ ಕಟ್ಟಿಲ್ಲ," ಎಂದು ತಮ್ಮ ಹೇಳಿದ. ಸೊಸೆ ಕೂಸನ್ನು ಅವಚಿಕೊಂಡು ನಿಂತಿದ್ದಳು. ಲೋಟದತ್ತ ಬೆರಳು ಮಾಡಿ ಕೇಳಿದಳು:

"ಕಟ್ಟಬ್ಯಾಡ ಅಂತ ಯಾರ್ರೀ ಹೇಳಿದಾಂವ? ನನ್ನ ಕೂಸಿಗಿ ಇದನ್ನ ಕುಡಿಸೀನಲ್ರೀ!"

ನಾನು ಬಾಯಿ ತೆರೆಯುವಷ್ಟರಲ್ಲಿ ಅವನು, "ನಾನೇ ಹೇಳಿದ್ದೆ ಯವ್ವಾ. ಆವಾಗ ನನಗ ಅಕಲ್ ಇರಲಿಲ್ಲ," ಎಂದುಬಿಟ್ಟ.

ಸೊಸೆ ಬಿಟ್ಟಾಳೆಯೇ? "ಊರ ಮಂದಿ ಟಾಕಿ ಇಣಕಿ ನೋಡಿ ಶಾಣ್ಯಾತನ ಹೇಳತೀರಿ. ಸ್ವಂತ ಅಕ್ಕನ ಮನಿಗಿ ಇದನ್ನ ಮಾಡೀರೇನ್ರೀ?"

ತಲೆ ತಗ್ಗಿಸಿ ನಿಂತ. ಟಾಕಿಯ ಮಾತಿನಲ್ಲಿ ದೊಡ್ಡ ಸಾಹೇಬರನ್ನೂ ಬಿಡದವನು! ಅವಳು ಅಳುತ್ತ ಒಳಗೆ ಹೋದ ಮೇಲೆ ಕೇಳಿದೆ:

"ಯಾಕೋ ಹಂಗಂದಿ? ಟಾಕಿ ಕಟ್ಟುವಾಗ ನೀ ಈ ಊರಾಗೇ ಇರಲಿಲ್ಲ."

"ಆಕಿ ಕೂಡ ದಿನಾ ಒಂದೇ ಒಲಿ ಮುಂದ ಕೂಡಾಕಿ ನೀ, ಯಕ್ಕಾ. ನಾ ಸಂಜಿ ಬಸ್ಸಿಗಿ ಹೋಗಾಂವ."

ಸಂಜೆ ಬಸ್ಸಿಗೆ ಹೋಗಲು ಅವನನ್ನು ನಾನು ಬಿಡಲಿಲ್ಲ. ಒಳಗೆ ಹೋಗಿ ಸೊಸೆಯ ಎದುರು ಕುಳಿತು, ತಳ ಬೇಡ ಎಂದವಳು ನಾನು ಎಂದು ಹೇಳಿದೆ. ಅವಳು ನನಗೆ ಬೆನ್ನು ತಿರುಗಿಸಿ ಕೂಸಿಗೆ ಕ್ಯಾನಿನ ನೀರು ಕುಡಿಸಿದಳು. ಆಮೇಲೆ ಕೂಸನ್ನು ನನ್ನ ತೊಡೆಯ ಮೇಲೆ ಹಾಕಿ, "ಹಿಡೀರಿ ಅತ್ತಿ. ಮಾಮಾಗ ರೊಟ್ಟಿ ಬಡೀತೀನಿ," ಎಂದು ಎದ್ದಳು.